ಕಂದು ಸೆರಗಿನ ಕೆಳಗೆ ಕಿತ್ತಳೆ

ಜೂನ್ ಮೂರನೇ ವಾರ. ಮೃಗಶಿರ ಮಳೆ ಮುಗಿಯುತ್ತಾ ಬಂದಿತ್ತು. ಭದ್ರಾವತಿಯಿಂದ ಲಕ್ಕವಳ್ಳಿ ಕಡೆಗೆ ಹೊರಟ ಬಸ್ಸು ಶಂಕರಘಟ್ಟ ದಾಟಿ ಕಾಡಿನ ಅಂಚಿಗೆ ಬಂದಾಗ, ಕಿಟಕಿ ಪಕ್ಕ ಕೂತಿದ್ದ ಹೆಂಗಸೊಬ್ಬರು ಸೆರಗಿನಿಂದ ಗಾಜು ಒರೆಸಿ ಹೊರಗೆ ಇಣುಕಿದರು. ಕೆಳಗೆ ಹುಲ್ಲು, ಕಳೆ, ಬಳ್ಳಿ ಎಲ್ಲ ಕಣ್ಣು ಕುಕ್ಕುವ ಹಸಿರು. ಮೇಲೆ ಮಾತ್ರ ಸಾಲು ಸಾಲು ಬೋಳು ಮರ.

‘ಇದೇನಪ್ಪಾ, ಮಳೆ ಬಿದ್ದು ಊರೆಲ್ಲ ಹಸ್ರಾಗಿದೆ, ಈ ಮರಗಳಿಗೆ ಮಾತ್ರ ಏನಾಯ್ತು? ಬೆಂಕಿಗಿಂಕಿ ಬಿತ್ತಾ?’

ಕಂಡಕ್ಟರ್ ಚಿಲ್ಲರೆ ಎಣಿಸುತ್ತಲೇ ಹೇಳಿದ: ‘ಹುಳ ಕಣಮ್ಮ. ಸಾಗುವಾನಿ ಹುಳ. ವರ್ಷಾ ವರ್ಷಾ ಇದ್ದಿದ್ದೇ. ಇನ್ನೊಂದ್ ಹದಿನೈದಿಪ್ಪತ್ ದಿನ ಬಿಟ್ಟು ಬನ್ನಿ, ಮತ್ತೆ ಚಿಗುರಿರ್ತಾವೆ.’

ಕೀಟಶಾಸ್ತ್ರದ ಪುಸ್ತಕವೊಂದು ಹತ್ತು ಪುಟದಲ್ಲಿ ಹೇಳುವುದನ್ನು ಆತ ಟಿಕೆಟ್ ಕೊಡುವಷ್ಟರಲ್ಲಿ ಹೇಳಿ ಮುಗಿಸಿದ್ದ. ಬಿಟ್ಟದ್ದು ಒಂದೇ ಸಂಗತಿ. ಹುಳ ಹುಳವಾಗಿಯೇ ಉಳಿಯುವುದಿಲ್ಲ. ಅದಕ್ಕೊಂದು ರೆಕ್ಕೆಯ ಜನ್ಮವಿದೆ, ಆ ಜನ್ಮಕ್ಕೆ ಬಣ್ಣವಿದೆ. ನಮ್ಮ ಕಡೆ ಸಾಗುವಾನಿ ಹುಳ ಕಾಣದವರಿಲ್ಲ. ಅದರ ಹಾತೆಯನ್ನು ಕಂಡೆ ಎಂದವರನ್ನು ಮಾತ್ರ ನಾನು ಬೆರಳೆಣಿಕೆಯಷ್ಟೂ ಕಂಡಿಲ್ಲ.

ಹುಳ ಬಿದ್ದ ನೆಡುತೋಪಿನೊಳಗೆ ನಿಂತವರಿಗೆ ಕಾಣುವುದಕ್ಕಿಂತ ಮೊದಲು ಕೇಳಿಸುತ್ತದೆ. ಮಳೆ ನಿಂತು ಅರ್ಧ ಗಂಟೆಯಾಗಿರುತ್ತದೆ. ಗಾಳಿಯಿಲ್ಲ. ಆದರೂ ತಲೆಯ ಮೇಲೆ, ಸುತ್ತಮುತ್ತ, ಒಣ ತರಗೆಲೆಯ ಮೇಲೆ ಸಣ್ಣಗೆ ಜಿಟಿಜಿಟಿ ಸದ್ದು. ಕೈ ಚಾಚಿದರೆ ನೀರು ಬೀಳುವುದಿಲ್ಲ, ಸಾಸಿವೆಗಿಂತ ಸಣ್ಣ ಕಪ್ಪು ಹರಳು ಬೀಳುತ್ತದೆ. ಹುಳದ ಹಿಕ್ಕೆ. ಲಕ್ಷಗಟ್ಟಲೆ ಬಾಯಿ ಮೇಲೆ ಮೇಯುತ್ತಿರುವಾಗ ಕೆಳಗೆ ಬೀಳುವ ಮಳೆ ಅದು. ಮೊದಲ ಸಲ ಕೇಳಿದಾಗ ನಾನು ಛತ್ರಿ ಬಿಚ್ಚಿದ್ದೆ. ಜೊತೆಗಿದ್ದ ಫಾರೆಸ್ಟ್ ವಾಚರ್ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕಿದ್ದು ಈಗಲೂ ನೆನಪಿದೆ. ಛತ್ರಿ ಬಿಚ್ಚಿದ್ದು ತಪ್ಪೇನೂ ಆಗಲಿಲ್ಲ ಅನ್ನಿ. ಎದುರಿಗೆ ಕೊಂಬೆಯಿಂದ ಕೊಂಬೆಗೆ ರೇಷ್ಮೆಯಂಥ ನೂಲು ಇಳಿಬಿಟ್ಟುಕೊಂಡು ಹುಳುಗಳು ತೂಗಾಡುತ್ತಿದ್ದವು. ತಲೆಗೆ, ಕಾಲರಿಗೆ, ಕನ್ನಡಕಕ್ಕೆ ಸಿಕ್ಕಿಕೊಳ್ಳುವ ನೂಲು. ಮೈಮೇಲೆ ಬಿದ್ದರೂ ಭಯವಿಲ್ಲ, ಇದು ಕಂಬಳಿಹುಳವಲ್ಲ. ನವೆ, ಬೊಬ್ಬೆ ಏನೂ ಆಗದು. ಬೆನ್ನ ಮೇಲೆ ಕೆಂಬಣ್ಣದ ಪಟ್ಟೆ, ಪಕ್ಕಕ್ಕೆ ಬಿಳಿ ಗೆರೆ, ಉಳಿದದ್ದು ಮಸಿಗಪ್ಪು. ಪೂರ್ತಿ ಬೆಳೆದಾಗ ಒಂದೂವರೆ ಅಂಗುಲದ ಆಸುಪಾಸು.

ಇನ್ನು ಹಾತೆ. ಏಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ, ಗುಡುಗಿನ ಮೊದಲ ಮಳೆ ಬಂದು ಹೋದ ಒಂದೆರಡು ದಿನಕ್ಕೆ, ಜಗಲಿಯ ದೀಪದ ಕೆಳಗೆ ಬಂದು ಕೂರುವ ಹತ್ತಾರು ಜಾತಿಯ ನಡುವೆ ಇದೂ ಇರುತ್ತದೆ. ಕೂತಾಗ ಯಾರ ಕಣ್ಣಿಗೂ ಬೀಳದ ಬಣ್ಣ. ನೆನೆದ ಮರದ ತೊಗಟೆಯ ಬೂದುಗಂದು, ಒಮ್ಮೊಮ್ಮೆ ತುಸು ಕೆಂಪು ಬೆರೆತ ಕಂದು. ಮುಂದಿನ ರೆಕ್ಕೆ ಎರಡನ್ನೂ ಹಂಚಿನ ಮನೆಯ ಮಾಡಿನಂತೆ ಇಳಿಜಾರಾಗಿ ಮೈಮೇಲೆ ಮುಚ್ಚಿಕೊಂಡಿರುತ್ತದೆ. ಮುಖದ ಮುಂದೆ ಕೊಕ್ಕಿನಂಥ ಚೂಪು. ಒಟ್ಟು ಗಾತ್ರ ರೆಕ್ಕೆ ಬಿಚ್ಚಿದರೆ ಮೂರರಿಂದ ನಾಲ್ಕು ಸೆಂಟಿಮೀಟರ್, ಅಷ್ಟೇ. ಪೊರಕೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಮಾಡು ತೆರೆಯುತ್ತದೆ. ಕೆಳಗಿನ ರೆಕ್ಕೆ ಕಡುಗಪ್ಪು, ಅದರ ಮೇಲೆ ಕಿತ್ತಳೆ ಹಳದಿಯ ದಪ್ಪ ಪಟ್ಟೆ, ಕೆಂಡ ಊದಿದ ಹಾಗೆ. ಹೊಟ್ಟೆಯ ಸುತ್ತ ಕೂಡ ಅದೇ ಬಣ್ಣದ ಉಂಗುರಗಳು. ಸಾದಾ ಸೀರೆ ಉಟ್ಟ ಹೆಂಗಸು ಕಾಲುವೆ ದಾಟುವಾಗ ನೆರಿಗೆ ಎತ್ತಿದರೆ ಒಳಲಂಗದ ಅಂಚು ಮಿಂಚಿ ಮರೆಯಾಗುತ್ತದಲ್ಲ, ಅಷ್ಟು ಹೊತ್ತು. ಮತ್ತೆ ಮುಚ್ಚಿಕೊಂಡರೆ ಬರೀ ತೊಗಟೆ.

ಈ ಆಟ ಸುಮ್ಮನೆ ಅಲ್ಲ. ಕೊಕ್ಕು ಚಾಚಿ ಬಂದ ಹಕ್ಕಿಗೆ ಎದುರಿಗೆ ಏಕಾಏಕಿ ಕಿತ್ತಳೆ ಹೊಳೆದರೆ ಅದು ಅರೆಗಳಿಗೆ ತಬ್ಬಿಬ್ಬಾಗುತ್ತದೆ. ಹಾತೆಗೆ ಬೇಕಾದದ್ದು ಆ ಅರೆಗಳಿಗೆಯೇ. ಹಾರಿ ಇನ್ನೆಲ್ಲೋ ಕೂತು ಬಣ್ಣ ಮುಚ್ಚಿದರೆ ಹಕ್ಕಿ ಹುಡುಕುವುದು ಕಿತ್ತಳೆಯನ್ನು, ಅಲ್ಲಿರುವುದು ತೊಗಟೆ.

ಇದಕ್ಕೆ ವಿಜ್ಞಾನದ ಹೆಸರು ‘ಹಿಬ್ಲಿಯಾ ಪ್ಯೂರಾ’. ಪ್ಯೂರಾ ಎಂದರೆ ಹಳೆಯ ಲ್ಯಾಟಿನ್‌ನಲ್ಲಿ ಹುಡುಗಿ. ಹೆಸರಿಟ್ಟವನು ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿ ಪೀಟರ್ ಕ್ರಾಮರ್. ಏಷ್ಯಾ, ಆಫ್ರಿಕಾ, ಅಮೆರಿಕದಿಂದ ಬಂದ ಚಿಟ್ಟೆ, ಹಾತೆಗಳ ಬಣ್ಣದ ಚಿತ್ರ ಬರೆಸಿ ಪುಸ್ತಕ ತಂದ ಹವ್ಯಾಸಿ. ಅವನು ತೀರಿಕೊಂಡದ್ದು 1776ರಲ್ಲಿ, ಈ ಹೆಸರು ಅಚ್ಚಾದದ್ದು 1777ರಲ್ಲಿ. ತಾನು ಹೆಸರಿಟ್ಟ ಹುಡುಗಿಯನ್ನು ಅಚ್ಚಿನಲ್ಲಿ ನೋಡಲು ಅವನಿರಲಿಲ್ಲ. ನಮ್ಮ ದೇಶದ ಹಾತೆಗಳನ್ನೆಲ್ಲ 1890ರ ದಶಕದಲ್ಲಿ ನಾಲ್ಕು ಸಂಪುಟಗಳಲ್ಲಿ ವಿವರಿಸಿದ ಜಾರ್ಜ್ ಹ್ಯಾಂಪ್ಸನ್ ಕೂಡ ಮೊದಲಿಗೆ ವಿಜ್ಞಾನಿಯಲ್ಲ, ನೀಲಗಿರಿಯಲ್ಲಿ ಚಹಾ ಬೆಳೆಯಲು ಬಂದವನು. ದೀಪಕ್ಕೆ ಬೀಳುವ ಹುಳಗಳ ಹಿಂದೆ ಬೀಳಲು ಕೈಯಲ್ಲಿ ಒಂದಿಷ್ಟು ಬಿಡುವಿರಬೇಕೇನೋ.

ಕನ್ನಡದಲ್ಲಿ ಇದಕ್ಕೆಂದೇ ಹೆಸರಿಲ್ಲ. ಪತಂಗ ಎನ್ನುವುದು ಪುಸ್ತಕದ ಮಾತಾಯಿತು, ದೀಪದ ಹುಳ ಎಂದರೆ ಗೆದ್ದಲೂ ಬರುತ್ತದೆ. ನಾನು ಹಾತೆ ಎನ್ನುತ್ತೇನೆ. ಹುಳಕ್ಕೆ ಸಾಗುವಾನಿ ಹುಳ ಎಂದ ಮೇಲೆ ಇದು ಸಾಗುವಾನಿ ಹಾತೆ. ಮರಕ್ಕೇ ಮೂರು ಹೆಸರಿದ್ದಾವೆ ಬಿಡಿ: ಡಿಪೋದಲ್ಲಿ, ಫರ್ನಿಚರ್ ಅಂಗಡಿಯಲ್ಲಿ ಸಾಗುವಾನಿ, ಪಾಠದ ಪುಸ್ತಕದಲ್ಲಿ ತೇಗ, ಮಲೆನಾಡಿನ ಹಳಬರ ಬಾಯಲ್ಲಿ ಅದೇ ತ್ಯಾಗ. ವರ್ಷವರ್ಷ ಎಲೆಯನ್ನೆಲ್ಲ ಕೊಟ್ಟು ನಿಲ್ಲುವ ಮರಕ್ಕೆ ಕೊನೆಯ ಹೆಸರೇ ಸರಿ ಎಂದು ನಾನು ತಮಾಷೆ ಮಾಡುವುದುಂಟು.

ಹಾತೆಯ ಕಾಲ ತಿಳಿಯಬೇಕಾದರೆ ಮೊದಲು ಮರದ ಕಾಲ ನೋಡಬೇಕು. ಸಾಗುವಾನಿ ಸುಗ್ಗಿಯ ಹೊತ್ತಿಗೆ ಎಲೆ ಉದುರಿಸಲು ಶುರುಮಾಡಿ, ಶಿವರಾತ್ರಿ ಹೊತ್ತಿಗೆ ಬಹುಪಾಲು ಬೋಳಾಗುತ್ತದೆ. ಮೊರದಷ್ಟಗಲದ ಎಲೆ ಕೆಳಗೆ ಬಿದ್ದು ಹಪ್ಪಳವಾಗಿ, ಕಾಡಿನಲ್ಲಿ ನಾಯಿ ನಡೆದರೂ ಆನೆ ಬಂದ ಸದ್ದು. ಆಮೇಲೆ ಕಾಯುವುದು. ಅಶ್ವಿನಿಯೋ ಭರಣಿಯೋ ಒಂದು ಹದ ಮಳೆ ಬಿದ್ದರೆ ತುದಿಗಳಲ್ಲಿ ಚಿಗುರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಹೇಳುವುದು ಹೊಲದ ಲೆಕ್ಕಕ್ಕೆ. ಕಾಡಿಗೂ ಅದೇ ಲೆಕ್ಕ. ಎಳೆ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ರಕ್ತದಂಥ ಕೆಂಪು ಬರುತ್ತದೆ. ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸ್ ಹುಡುಗರಾದ ನಾವು ಅದನ್ನು ಕೈಗೆ, ಕೆನ್ನೆಗೆ ಹಚ್ಚಿಕೊಂಡು ‘ಬಿದ್ದು ಪೆಟ್ಟಾಯ್ತು’ ಎಂದು ಅಮ್ಮಂದಿರನ್ನು ಹೆದರಿಸುತ್ತಿದ್ದೆವು.

ಹಾತೆಗೆ ಬೇಕಾದದ್ದು ಆ ಎಳೆ ಎಲೆಯೇ. ಬಲಿತ ಎಲೆ ಮರಿಹುಳದ ಬಾಯಿಗೆ ಒರಟು. ಹೀಗಾಗಿ ಮಳೆ, ಚಿಗುರು, ಹಾತೆ ಮೂರೂ ಒಂದರ ಬೆನ್ನಿಗೊಂದು ಬರುತ್ತವೆ. ಒಂದು ಹೆಣ್ಣು ಸುಮಾರು 500 ಮೊಟ್ಟೆ ಇಡುತ್ತದೆ, ಒಮ್ಮೊಮ್ಮೆ ಸಾವಿರದವರೆಗೂ. ರಾಶಿ ಹಾಕುವುದಿಲ್ಲ, ಎಳೆ ಎಲೆಗಳ ಮೇಲೆ ಒಂದೊಂದಾಗಿ ಅಂಟಿಸುತ್ತಾ ಹೋಗುತ್ತದೆ. ಎರಡು ಮೂರು ದಿನಕ್ಕೆ ಮರಿ. ಮೊದಮೊದಲು ಎಲೆಯ ಮೇಲ್ಪದರ ಕೆರೆದು ತಿನ್ನುತ್ತದೆ. ಎರಡು ಪೊರೆ ಕಳಚಿದ ಮೇಲೆ ಬುದ್ಧಿ ಬರುತ್ತದೆ: ಎಲೆಯ ಅಂಚನ್ನು ಕತ್ತರಿಸಿ, ಆ ತುಂಡನ್ನು ದೋಸೆ ಮಡಚಿದ ಹಾಗೆ ಮಡಚಿ, ನೂಲಿನಿಂದ ಹೊಲಿದು, ಒಳಗೆ ಕೂತು ಮೇಯುತ್ತದೆ. ಹತ್ತು ಹನ್ನೆರಡು ದಿನ ಹೀಗೆ. ಆಮೇಲೆ ನೂಲು ಬಿಟ್ಟುಕೊಂಡು ನೆಲಕ್ಕೆ ಇಳಿದು, ತರಗೆಲೆಯ ಮಡಿಕೆಯಲ್ಲಿ ತೆಳುವಾಗಿ ನೂಲು ಸುತ್ತಿಕೊಂಡು ಕೋಶವಾಗುತ್ತದೆ. ಆರರಿಂದ ಎಂಟು ದಿನದಲ್ಲಿ ಹಾತೆ. ಎಲ್ಲ ಸೇರಿ ಮೂರು ವಾರದ ಚಿಲ್ಲರೆ. ನಮ್ಮ ಪಂಚಾಂಗದಲ್ಲಿ ಒಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನ ತಾನೆ? ಅಂದರೆ ಒಂದೂವರೆ ಮಳೆಗೆ ಒಂದು ಜನ್ಮ. ಕೃತ್ತಿಕೆಯ ಆರಂಭದಲ್ಲಿ ಇಟ್ಟ ಮೊಟ್ಟೆ ರೋಹಿಣಿ ಅರ್ಧವಾಗುವಷ್ಟರಲ್ಲಿ ರೆಕ್ಕೆ ಬಿಚ್ಚುತ್ತದೆ.

ಈ ರೆಕ್ಕೆ ಬಿಚ್ಚುವುದನ್ನು ನಾನು ಕಣ್ಣಾರೆ ನೋಡಿದ್ದು ಏಳನೇ ಕ್ಲಾಸಿನ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ. ಉಂಬ್ಳೆಬೈಲಿನ ನೆಂಟರ ಮನೆಗೆ ಹೋದವನು ತೋಪಿನಿಂದ ನಾಲ್ಕು ಕೋಶ ಆರಿಸಿ ತಂದು, ಹಾರ್ಲಿಕ್ಸ್ ಬಾಟಲಿಗೆ ತರಗೆಲೆ ಸಮೇತ ಹಾಕಿ, ಬಾಯಿಗೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿದ್ದೆ. (ಉಂಬಳ ಎಂದರೆ ಜಿಗಣೆ, ಅವು ಸಾಲದೆಂದು ಹುಳ ಬೇರೆ ಹಿಡ್ಕೊಂಡು ಬಂದ ಎಂದು ಮನೆಯಲ್ಲಿ ಬೈಸಿಕೊಂಡದ್ದು ಬೇರೆ ಕಥೆ.) ಮೂರು ಕೋಶ ಕಪ್ಪಾಗಿ ಕೊಳೆತವು. ನಾಲ್ಕನೆಯದು ಆರನೇ ದಿನ ರಾತ್ರಿ ಊಟದ ಹೊತ್ತಿಗೆ ಅಲುಗಾಡಿತು. ಬಾಟಲಿಯನ್ನು ಜಗಲಿಗೆ ತಂದು ಬಾಯಿ ಬಿಚ್ಚಿದೆ. ಒದ್ದೆ ಬಟ್ಟೆ ಮುದ್ದೆಯಂಥದ್ದು ಹೊರಬಂದು ಗೋಡೆ ಏರಿತು. ರೆಕ್ಕೆ ಎಂದರೆ ಉಗುರಿನಷ್ಟು ಎರಡು ಸುಕ್ಕು. ಅದು ತಲೆ ಮೇಲಾಗಿ ಸುಮ್ಮನೆ ನಿಂತಿತು, ಸುಕ್ಕು ತಾನೇ ತಾನಾಗಿ ಇಳಿಯುತ್ತಾ ಬಂತು. ಕಂದು ಹರಡುವ ಮೊದಲು ಒಂದು ಕ್ಷಣ ಕೆಳರೆಕ್ಕೆ ಹೊರಗಿಣುಕಿ, ಕಿತ್ತಳೆ ಕಂಡಿತು. ಆಮೇಲೆ ಮಾಡು ಮುಚ್ಚಿತು. ಟ್ಯೂಬ್‌ಲೈಟಿನ ಕಡೆಗೆ ಎರಡು ಅಡಿ ಹಾರಿ ಗೋಡೆಗೆ ಕೂತಿತು.

ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಇರುತ್ತದೆ ಎನ್ನುವುದು ಹನ್ನೆರಡು ವರ್ಷದ ಹುಡುಗನಿಗೆ ಗೊತ್ತಿರಬೇಕಿತ್ತು.

ಬೆಳಿಗ್ಗೆ ಅಮ್ಮ ಜಗಲಿ ಗುಡಿಸುವಾಗ ಕೆಂಪು ಗಾರೆ ನೆಲದ ಮೇಲಿಂದ ಏನೋ ಹೆಕ್ಕಿ ಕೇಳಿದಳು: ‘ಇದ್ಯಾವ ಹೂವಿನ ಎಸಳೋ? ಇಂಥ ಬಣ್ಣದ ಹೂ ನಮ್ಮಲ್ಲಿಲ್ವಲ್ಲ.’ ಅವಳ ಬೆರಳ ತುದಿಯಲ್ಲಿ ಕಪ್ಪು ಅಂಚಿನ ಕಿತ್ತಳೆ ರೆಕ್ಕೆ. ಹಲ್ಲಿ ಮೈ ತಿಂದು ರೆಕ್ಕೆ ಉಗುಳಿತ್ತು.

ತೋಪಿನಲ್ಲಿ ಹಾತೆಗಳು ಹೀಗೆ ಒಂದೊಂದಾಗಿ ಏಳುವುದಿಲ್ಲ. ಒಂದೇ ಹೊತ್ತಿಗೆ ಮೊಟ್ಟೆಯೊಡೆದವು ಒಂದೇ ಹೊತ್ತಿಗೆ ಕೋಶವಾಗಿ, ಎರಡು ಮೂರು ರಾತ್ರಿಗಳಲ್ಲಿ ಗುಂಪಾಗಿ ಏಳುತ್ತವೆ. ಏಳುವುದಷ್ಟೇ ಅಲ್ಲ, ಊರು ಬಿಡುತ್ತವೆ. ತಾವು ಮೇದು ಬೋಳಿಸಿದ ಮರದಲ್ಲಿ ಮಕ್ಕಳಿಗೆ ಏನಿದೆ? ಎಳೆ ಎಲೆ ಇನ್ನೂ ಉಳಿದಿರುವ ಮತ್ತೊಂದು ತೋಪು ಹುಡುಕಿಕೊಂಡು ಹೋಗಿ ಅಲ್ಲಿ ಮೊಟ್ಟೆ ಇಡುತ್ತವೆ. ಹಾಗಾಗಿ ಈ ವಾರ ಒಂದು ಗುಡ್ಡ ಬೋಳಾದರೆ ಮೂರು ವಾರದ ಮೇಲೆ ಇನ್ನೊಂದು ಗುಡ್ಡ. ಅಷ್ಟರಲ್ಲಿ ಮೊದಲಿನದು ಕಂಡಕ್ಟರ್ ಹೇಳಿದಂತೆ ಮತ್ತೆ ಚಿಗುರಿರುತ್ತದೆ. ಗಾಳಿಯ ಜೊತೆ ದೂರದಿಂದ ಬರುತ್ತವೆ ಎಂಬ ಊಹೆಯೂ ವಿಜ್ಞಾನಿಗಳಲ್ಲಿ ಬಲವಾಗಿದೆ. ಮುಂಗಾರಿಗೆ ಮೊದಲು ಸಣ್ಣ ಸಣ್ಣ ತುಣುಕುಗಳಲ್ಲಿ, ಎಕರೆಯೋ ಎರಡೆಕರೆಯೋ ಜಾಗದಲ್ಲಿ ಹುಳ ಕಾಣಿಸಿಕೊಳ್ಳುವುದು, ಆಮೇಲೆ ದೊಡ್ಡದಾಗಿ ಹಬ್ಬುವುದು ಕೇರಳದ ನಿಲಂಬೂರಿನ ತೋಪುಗಳಲ್ಲಿ ವರ್ಷವರ್ಷ ದಾಖಲಾದ ಸಂಗತಿ.

ಇನ್ನೊಂದು ಸೋಜಿಗ. ಒಂದು ಮರದಲ್ಲಿ ಎರಡು ಮೂರೇ ಹುಳ ಇದ್ದರೆ ಅವು ಹಸಿರಾಗಿರುತ್ತವೆ. ಕಿಕ್ಕಿರಿದಾಗ ಕಪ್ಪು. ಅದೇ ತಾಯಿಯ ಮಕ್ಕಳೇ ಆದರೂ ಸರಿ, ನೆರೆಹೊರೆ ಹೆಚ್ಚಿದ ಹಾಗೆ ಮೈಬಣ್ಣ ಬದಲಾಗುತ್ತದೆ. ಒಂಟಿಯಾಗಿದ್ದವನಿಗೆ ಎಲೆಯೊಳಗೆ ಬೆರೆತು ಅಡಗುವ ಲಾಭವಿದೆ; ಸಂತೆಯಲ್ಲಿ ನಿಂತವನಿಗೆ ಅಡಗಿ ಪ್ರಯೋಜನವೇನು.

ಸಂತೆಗೆ ಗಿರಾಕಿಗಳೂ ಬರುತ್ತವೆ. ಹುಳ ಬಿದ್ದ ತೋಪಿಗೆ ಬೆಳಿಗ್ಗೆ ಹೋದರೆ ಕಾಗೆ, ಮೈನಾ, ಕಾಜಾಣ, ಮಟಪಕ್ಷಿ ಎಲ್ಲ ಒಟ್ಟಿಗೆ. ಕೋಶಕ್ಕೆ ಇಳಿದ ಮೇಲೆ ಕಾಡುಕೋಳಿಗಳು ತರಗೆಲೆ ಕೆದಕುತ್ತವೆ. ಹುಳದೊಳಗೇ ಮೊಟ್ಟೆ ಇಡುವ ಕಣಜಗಳಿವೆ. ಎಲ್ಲಕ್ಕಿಂತ ದೊಡ್ಡ ಗಿರಾಕಿ ಮಾತ್ರ ಕಣ್ಣಿಗೆ ಕಾಣದು. ತೋಪಿನಲ್ಲಿ ಕೆಲವು ಹುಳು ತಲೆ ಕೆಳಗಾಗಿ ನೇತು, ಮೈ ನೀರಾಗಿ, ಮುಟ್ಟಿದರೆ ಒಡೆಯುವ ಚೀಲದಂತೆ ಸತ್ತಿರುತ್ತವೆ. ಅದು ವೈರಸ್ ರೋಗ. ತ್ರಿಶ್ಶೂರು ಬಳಿಯ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ ಇದನ್ನು ವರದಿ ಮಾಡಿದರು. ಆಮೇಲೆ ಆ ವೈರಸ್ಸನ್ನೇ ಬೆಳೆಸಿ ತೋಪುಗಳಿಗೆ ಸಿಂಪಡಿಸುವ ದಾರಿಯನ್ನೂ ಕಂಡುಕೊಂಡರು. ಈ ಹುಳವನ್ನು ಬಿಟ್ಟು ಬೇರೆ ಯಾರಿಗೂ ತಾಗದ ಮದ್ದು. ಕೀಟನಾಶಕ ಸುರಿಯುವುದಕ್ಕಿಂತ ಎಷ್ಟೋ ವಾಸಿ.

ಇಷ್ಟು ಹೊತ್ತು ಬರೆದದ್ದು ಹಾತೆಯ ಕಥೆ. ಇದರಲ್ಲಿ ನಮ್ಮ ಊರಿನದೂ ಒಂದು ಪಾತ್ರವಿದೆ, ಅದನ್ನು ಮುಚ್ಚಿಟ್ಟರೆ ಸರಿಯಾಗದು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರು ಹೋಗಿ ಬೆಂಕಿ ಬಂತು. ವಿಶ್ವೇಶ್ವರಯ್ಯನವರು ಕನಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಶುರುವಾಗಿ, 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಬೇರೆ ಬಹುಪಾಲು ಕಡೆ ಕುಲುಮೆಗೆ ಕಲ್ಲಿದ್ದಲಿನ ಕೋಕ್ ಹಾಕುತ್ತಿದ್ದರೆ ಇಲ್ಲಿ ಹಾಕಿದ್ದು ಕಟ್ಟಿಗೆಯ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿಯಿಂದ, ಕಟ್ಟಿಗೆ ಸುತ್ತಲ ಕಾಡಿನಿಂದ. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಸುಟ್ಟು ಇದ್ದಿಲಿನ ಜೊತೆಗೆ ಮರದ ಸ್ಪಿರಿಟ್ಟು, ಟಾರು ಎಲ್ಲ ತೆಗೆಯುವ ಘಟಕವೂ ಇತ್ತು. ಮರ ತರಲು ಕಾಡಿನೊಳಗೆ ಟ್ರಾಮ್ ಹಳಿ ಹಾಸಿದ್ದರು. ಬೆಲೆಬಾಳುವ ನಾಟಾ ಡಿಪೋಗೆ, ಉಳಿದ ಕಾಡುಜಾತಿ ಮರ ಕುಲುಮೆಗೆ. ಜೋಗದ ಕರೆಂಟು ಬಂದು ವಿದ್ಯುತ್ ಕುಲುಮೆ ಶುರುವಾಗುವ ತನಕ ಈ ಊರು ಕಾಡನ್ನೇ ಉರಿಸಿ ಕಬ್ಬಿಣ ಕರಗಿಸಿತು. ನಾನು ತಿಂದ ಅನ್ನ ಆ ಕಾರ್ಖಾನೆಯದು. ದೂರುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ.

ಕಡಿದ ಕಾಡಿನಲ್ಲಿ ಹಲವೆಡೆ ಮತ್ತೆ ನೆಟ್ಟದ್ದು ಸಾಗುವಾನಿ. ನೇರ ಸಾಲು, ಸಮ ಅಂತರ, ಒಂದೇ ವಯಸ್ಸು, ಒಂದೇ ಜಾತಿ. ಭದ್ರಾ ಕಣಿವೆಗೆ ಸಾಗುವಾನಿ ಹೊಸದೇನಲ್ಲ. ಆದರೆ ಸಹಜ ಕಾಡಿನಲ್ಲಿ ಅದು ಮತ್ತಿ, ಹೊನ್ನೆ, ನಂದಿ, ಬೀಟೆಗಳ ನಡುವೆ ಅಲ್ಲೊಂದು ಇಲ್ಲೊಂದು ನಿಲ್ಲುತ್ತದೆ. ಅಲ್ಲಿ ಹಾತೆ ಮರ ಹುಡುಕಿಕೊಂಡು ಹಾರಬೇಕು. ಹುಳ ಬಿದ್ದರೂ ಬಸ್ಸಿನಲ್ಲಿ ಹೋಗುವವರಿಗೆ ಕಾಣುವುದಿಲ್ಲ. ನೆಡುತೋಪು ಎಂದರೆ ಹಾತೆಗೆ ಸಾಲಾಗಿ ಎಲೆ ಹಾಸಿದ ಪಂಕ್ತಿ. ಊಟಕ್ಕೆ ಕರೆದವರು ನಾವು, ಊಟ ಮಾಡಿದ್ದಕ್ಕೆ ‘ಕೀಟಬಾಧೆ’ ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡವರೂ ನಾವೇ. ಆಮೇಲೆ ಕಾಗದದ ಕಾರ್ಖಾನೆಗೆಂದು ನೆಟ್ಟ ನೀಲಗಿರಿ, ಅಕೇಶಿಯಾ ತೋಪುಗಳ ಕಡೆ ಈ ಹುಳ ತಿರುಗಿಯೂ ನೋಡಲಿಲ್ಲ. ಅದಕ್ಕೇ ಜೂನಿನಲ್ಲಿ ಬೋಳು ಸಾಗುವಾನಿಯ ಪಕ್ಕ ಅಕೇಶಿಯಾ ಹಾಗೇ ಹಸಿರಾಗಿ ನಿಂತಿರುತ್ತದೆ. ಹಕ್ಕಿಯೂ ಅದರ ಕಡೆ ಹೋಗುವುದು ಕಡಿಮೆ.

ನಷ್ಟವೇ ಇಲ್ಲ ಎಂದು ನಾನು ಹೇಳುವುದಿಲ್ಲ. ತಿರುವಾಂಕೂರಿನ ಕೊನ್ನಿ ತೋಪುಗಳಲ್ಲಿ ಈ ಹುಳದ ಕಾಟವನ್ನು 1898ರಲ್ಲೇ ಬರೆದಿಟ್ಟಿದ್ದಾರೆ. ನಿಲಂಬೂರಿನ ಎಳೆ ತೋಪಿನಲ್ಲಿ ಹುಳ ಬಿಡದೆ ಕಾಪಾಡಿದ ಮರಗಳನ್ನೂ ಹುಳಕ್ಕೆ ಬಿಟ್ಟ ಮರಗಳನ್ನೂ ವರ್ಷಗಟ್ಟಲೆ ಅಳೆದು ನೋಡಿದ ಕೇರಳದ ವಿಜ್ಞಾನಿಗಳು, ಬೆಳೆಯಬಹುದಾಗಿದ್ದ ನಾಟಾದಲ್ಲಿ ಶೇ 44ರಷ್ಟು ಹುಳದ ಪಾಲಾಗುತ್ತದೆ ಎಂದು 1985ರಲ್ಲಿ ಲೆಕ್ಕ ಕೊಟ್ಟರು. ಸಣ್ಣ ಅಂಕಿಯಲ್ಲ. ಎಳೆಮರದ ತುದಿಮೊಗ್ಗನ್ನೇ ತಿಂದರೆ ಕಾಂಡ ಕವಲೊಡೆದು ಡೊಂಕಾಗುತ್ತದೆ, ಅಂಥ ಮರಕ್ಕೆ ಡಿಪೋದಲ್ಲಿ ಬೆಲೆಯಿಲ್ಲ. ಆದರೆ ಇದು ಬೆಳವಣಿಗೆಯ ನಷ್ಟ, ಮರ ಸಾಯುವುದಿಲ್ಲ. ಭದ್ರಾ ಅಭಯಾರಣ್ಯದ ಜಾಗರ ಕಣಿವೆಯಲ್ಲಿ ಐದು ಮೀಟರ್ ಸುತ್ತಳತೆಯ ಸಾಗುವಾನಿಯೊಂದಿದೆ, 300 ವರ್ಷ ದಾಟಿದ್ದು ಎನ್ನುತ್ತಾರೆ. ನೂರಾರು ಮುಂಗಾರು ಅದರ ಎಲೆಯನ್ನೂ ಹುಳ ತಿಂದಿರಬೇಕು. ಮರ ಇನ್ನೂ ನಿಂತಿದೆ. ಆ ಕಾಡಿಗೆ 1998ರಲ್ಲಿ ಹುಲಿ ಯೋಜನೆ ಬಂದಮೇಲೆ, ಅಲ್ಲಿ ಎಷ್ಟು ನಾಟಾ ಬೆಳೆಯಿತು ಎಂದು ಕೇಳುವವರಿಲ್ಲ. ಹುಳ ತಿನ್ನುತ್ತದೆ, ಹಕ್ಕಿ ತಿನ್ನುತ್ತದೆ, ಹಿಕ್ಕೆ ಗೊಬ್ಬರವಾಗುತ್ತದೆ. ಅದೇ ಹುಳ ಬೇಲಿಯಾಚೆ ತೋಪಿಗೆ ಬಂದರೆ ಅಪರಾಧಿ.

ಹುಳವನ್ನು ಊಟವೆಂದೇ ಕಂಡವರೂ ಇದ್ದಾರೆ. ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ ಸಾಗುವಾನಿ ಕಾಡು ಹೇರಳ. ಅಲ್ಲಿ ಮೊದಲ ಮಳೆ ಬೀಳುವುದು ನಮ್ಮ ಕಾರ್ತಿಕ, ಮಾರ್ಗಶಿರದ ಹೊತ್ತಿಗೆ. ಚಿಗುರು ಬಂತು, ಹುಳ ಬಂತು, ಕೋಶ ನೆಲಕ್ಕಿಳಿಯಿತು ಎಂದರೆ ಹಳ್ಳಿಯವರು ಬುಟ್ಟಿ ಹಿಡಿದು ಕಾಡಿಗೆ ಹೊರಡುತ್ತಾರೆ. ತರಗೆಲೆ ತಿರುವಿ ಕೋಶ ಆರಿಸಿ, ತೊಳೆದು, ಉಪ್ಪು ಬೆಳ್ಳುಳ್ಳಿ ಹಾಕಿ ಹುರಿದು ಅನ್ನದ ಜೊತೆ ತಿನ್ನುತ್ತಾರೆ. ‘ಎಂಥುಂಗ್ ಜಾತಿ’ ಎಂದು ಅದರ ಹೆಸರು. ಅಲ್ಲಿ ಜಾತಿ ಎಂದರೆ ಸಾಗುವಾನಿ. ಒಳ್ಳೆಯ ಬೆಲೆಗೆ ಪೇಟೆಯಲ್ಲೂ ಮಾರಾಟವಾಗುತ್ತದೆ. ನಮ್ಮಲ್ಲಿ ಚಿಗಳಿ ಚಟ್ನಿ ತಿನ್ನುವ ಮಲೆನಾಡಿಗರು ಮೂಗು ಮುರಿಯಬೇಕಿಲ್ಲ. ನನಗೆ ಕುತೂಹಲ ತಂದದ್ದು ರುಚಿಯಲ್ಲ, ಕಾಲ. ಇಲ್ಲಿ ಮೇ, ಅಲ್ಲಿ ಡಿಸೆಂಬರ್. ಹಾತೆಯ ಗೋಡೆಯಲ್ಲಿ ಕ್ಯಾಲೆಂಡರ್ ಇಲ್ಲ, ಅದು ನೋಡುವುದು ಮೊದಲ ಮಳೆಯ ಚಿಗುರನ್ನು ಮಾತ್ರ. ಸಾಗುವಾನಿಯೇ ಆಗಬೇಕೆಂಬ ಹಟವೂ ಇಲ್ಲ: ಲಕ್ಕಿಯ ಕುಲದ ಗಿಡಗಳನ್ನು ತಿನ್ನುತ್ತದೆ, ಮುಂಬೈ ಸುತ್ತಲ ಕಾಂಡ್ಲಾ ಕಾಡನ್ನು ಮಳೆಗಾಲದ ಕೊನೆಗೆ ಕೆಂಚಗಾಗಿಸಿ ಸುದ್ದಿಯಾಗುವುದೂ ಇದೇ ಹುಳ.

ನಮ್ಮ ಕಡೆ ಆರಿದ್ರಾ ಕಳೆದು ಪುನರ್ವಸು ಹಿಡಿಯುವ ಹೊತ್ತಿಗೆ ಎಲೆಗಳು ಬಲಿತು, ಹುಳಗಳ ಮೇಲೆ ರೋಗ ಬಿದ್ದು, ಗದ್ದಲ ಅಡಗುತ್ತದೆ. ಅಲ್ಲೊಂದು ಇಲ್ಲೊಂದು ಹಸಿರು ಹುಳ ಉಳಿದಿರುತ್ತದೆ ಅಷ್ಟೆ. ಶ್ರಾವಣಕ್ಕೆ ಸಾಗುವಾನಿ ಹೂವಿಟ್ಟು ನೆತ್ತಿಯೆಲ್ಲ ಬೆಳ್ಳಗೆ. ಬಲಿತ ಎಲೆಗೆ ಇನ್ನೊಬ್ಬ ಗಿರಾಕಿ ಇದ್ದಾನೆ, ಅವನು ಬರುವುದು ಮಳೆಗಾಲದ ಕೊನೆಗೆ.

ಚಿತ್ತೆ, ಸ್ವಾತಿ ಮಳೆಯ ದಿನಗಳು. ದೀಪಾವಳಿಗೆ ಹಚ್ಚಿಟ್ಟ ಹಣತೆಯ ಸುತ್ತ ಒಂದು ಪುಟಾಣಿ ಹಾತೆ ಸುತ್ತುತ್ತದೆ. ರೆಕ್ಕೆ ಬಿಚ್ಚಿದರೆ ಎರಡೂವರೆ ಸೆಂಟಿಮೀಟರ್ ಮೀರದು. ಇದು ಬಣ್ಣ ಮುಚ್ಚಿಟ್ಟುಕೊಳ್ಳುವ ಜಾತಿಯಲ್ಲ; ಮೈಯೆಲ್ಲ ಅರಿಸಿನ, ಅದರ ಮೇಲೆ ಕುಂಕುಮದಲ್ಲಿ ಎಳೆದ ಹಾಗೆ ಅಂಕುಡೊಂಕು ಗೆರೆ. ಇದರ ಮರಿಹುಳ ಬಲಿತ ಎಲೆಗೇ ಬೀಳುವುದು. ಎಲೆಯ ಕೆಳಗೆ ತೆಳು ಬಲೆ ನೇಯ್ದುಕೊಂಡು, ನರ ಮುಟ್ಟದೆ ನಡುವಿನ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ. ಉಳಿಯುವುದು ಜಾಲರಿ. ಬಿಸಿಲಿಗೆ ಹಿಡಿದರೆ ಸಣ್ಣ ನರವೂ ಎಣಿಸುವಂಥ ಕಸೂತಿ. ದೂರದಿಂದ ನೋಡಿದರೆ ಇಡೀ ತೋಪು ಬೆಂಕಿ ತಾಗಿ ಕಂದಿದಂತೆ. ಅರಣ್ಯ ಇಲಾಖೆಯ ಕಡತದಲ್ಲಿ ಮೊದಲನೆಯದು ಎಲೆ ತಿನ್ನುವ ಹುಳು, ಇದು ಎಲೆ ಜಾಲರಿಸುವ ಹುಳು. ಹೇಗೂ ಇನ್ನೊಂದೆರಡು ತಿಂಗಳಲ್ಲಿ ಉದುರಲಿರುವ ಎಲೆಯಾದ್ದರಿಂದ ಇದು ಮರಕ್ಕೆ ಮಾಡುವ ಕೇಡು ಕಡಿಮೆ. ಮೊದಲನೆಯದು ಎಳೆ ಊಟಕ್ಕೆ ಕೂತರೆ ಇದು ಎಂಜಲೆಲೆ ಎತ್ತಲು ಬಂದದ್ದು. ಹಣತೆಯಲ್ಲಿ ಬಿದ್ದು ಸಾಯುವ ಈ ಅರಿಸಿನ ಹಾತೆಗಳನ್ನು ನನ್ನ ಮಗಳು ಊದುಬತ್ತಿ ಕಡ್ಡಿಯಿಂದ ಎತ್ತಿ ತುಳಸಿಕಟ್ಟೆಯ ಮೇಲೆ ಬಿಡುತ್ತಾಳೆ. ಸಾಗುವಾನಿಯೂ ತುಳಸಿಯ ಕುಟುಂಬದ್ದೇ ಎಂದು ಸಸ್ಯಶಾಸ್ತ್ರದವರು ಹೇಳುತ್ತಾರೆಂದು ಅವಳಿಗೆ ಹೇಳಿದೆ. ನಂಬಲಿಲ್ಲ. ‘ಅಷ್ಟು ದೊಡ್ಡೆಲೆನಾ?’ ಎಂದು ಕೈಯಗಲಿಸಿ ನಕ್ಕಳು. ಜಾಲರಿ ಎಲೆಯೊಂದನ್ನು ಅವಳು ಸಮಾಜದ ಪುಸ್ತಕದ ನಡುವೆ ಇಟ್ಟಿದ್ದಾಳೆ; ಮೈಸೂರು ಸಂಸ್ಥಾನದ ಪಾಠದ ಪುಟದಲ್ಲಿ.

ಇದನ್ನು ಬರೆಯುತ್ತಿರುವಾಗ ಭರಣಿ ಕಾಲಿಟ್ಟು ಎರಡು ದಿನ. ನಿನ್ನೆ ಸಂಜೆ ಗುಡುಗಿ ಆಲಿಕಲ್ಲು ಬಿತ್ತು, ಅರ್ಧ ಗಂಟೆ ಜೋರು ಮಳೆ, ರಾತ್ರಿ ಎಂಟರ ತನಕ ಕರೆಂಟಿಲ್ಲ. ಬೆಳಿಗ್ಗೆ ಎದುರಿನ ಸಾಗುವಾನಿಯ ತುದಿಯಲ್ಲಿ ಇಲಿಕಿವಿಯಷ್ಟು ಎರಡು ಚಿಗುರು ಕಂಡಿತು. ಇವತ್ತು ರಾತ್ರಿ ಜಗಲಿ ದೀಪ ಆರಿಸಿಲ್ಲ. ಗೋಡೆಯ ಮೇಲೆ ಗೆದ್ದಲಿನ ರೆಕ್ಕೆ, ಎರಡು ಬೂದು ಹಾತೆ, ಒಂದು ಓಡುಹುಳ. ಕೊನೆಯ ಮೂಲೆಯಲ್ಲಿ ಕಂದು ಮಾಡಿನಂಥದ್ದೊಂದು ಕೂತಿದೆ. ಪೊರಕೆ ಕಡ್ಡಿ ಹುಡುಕುತ್ತಿದ್ದೇನೆ. ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿಯೂ ಅರ್ಧ ತಲೆ ಹೊರಗೆ ಹಾಕಿದೆ.